ಬ್ರಿಟನ್ನಿನ ಮೋಟಾರ್‌ವೇ: ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೂಡದು

ಗಾಡಿ ನಿಲ್ಲಿಸಲು ಜಾಗ ಹುಡುಕುವಾಗಲೇ ಮೊದಲ ತಪ್ಪು ಆಗುತ್ತದೆ. ಬ್ರಿಟನ್ನಿನಲ್ಲಿ ಲೇ-ಬೈ, ಅಂದರೆ ರಸ್ತೆಬದಿಯ ನಿಲುಗಡೆ ಜಾಗ, ಇರುವುದು ಎ-ರಸ್ತೆಗಳೆಂಬ ಮುಖ್ಯ ರಸ್ತೆಗಳ ಪಕ್ಕದಲ್ಲಿ, ವೇಗದ ಹೆದ್ದಾರಿಯಾದ ಮೋಟಾರ್‌ವೇಯಲ್ಲಿ ಇಲ್ಲ. ಅಲ್ಲಿ ವಿಶ್ರಾಂತಿಗೆ ಇರುವುದು ಸರ್ವಿಸಸ್ ಎಂಬ ತಂಗುದಾಣಗಳು ಮಾತ್ರ. ಹಾರ್ಡ್ ಶೋಲ್ಡರ್, ಅಂದರೆ ಎಡಬದಿಯ ಅಂಚಿನ ಪಟ್ಟಿ, ಇರುವುದು ತುರ್ತಿಗೆ. ನಿದ್ದೆ ತೂಗಿತು, ಫೋನ್ ಬಂತು ಎಂದು ಅಲ್ಲಿ ನಿಲ್ಲಿಸುವುದು ಕಾನೂನುಬಾಹಿರ.

ಸರ್ವಿಸಸ್‌ಗಳ ನಡುವಿನ ಅಂತರ 28 ಮೈಲಿ ಮೀರಬಾರದೆಂಬುದು ಸರ್ಕಾರದ ಗುರಿ. ಎಲ್ಲ ಕಡೆ ಹಾಗಿಲ್ಲ. ಆದ್ದರಿಂದ ನೀಲಿ ಫಲಕದಲ್ಲಿ ಮುಂದಿನದರ ಜೊತೆ ಅದರಾಚೆಯದರ ದೂರವನ್ನೂ ಓದಿ, ಯಾವುದರಲ್ಲಿ ಇಳಿಯಬೇಕೆಂದು ಆಗಲೇ ತೀರ್ಮಾನಿಸಿ. 2 ಗಂಟೆಗೊಮ್ಮೆ 15 ನಿಮಿಷ ವಿರಾಮ ಬೇಕು. ಸರ್ವಿಸಸ್‌ನಲ್ಲಿ ಶೌಚಾಲಯ, ಇಂಧನ 24 ಗಂಟೆಯೂ ಸಿಗುತ್ತವೆ. ಪಾರ್ಕಿಂಗ್ ಮೊದಲ 2 ಗಂಟೆ ಉಚಿತ. ನಂಬರ್ ಪ್ಲೇಟನ್ನು ಕ್ಯಾಮೆರಾ ಓದುವುದರಿಂದ, ಹೆಚ್ಚು ಹೊತ್ತು ಮಲಗುವುದಿದ್ದರೆ ಮೊದಲೇ ಹಣ ಕಟ್ಟಿ.

ಎ-ರಸ್ತೆಯ ಲೇ-ಬೈಗಳೆಲ್ಲ ಒಂದೇ ಅಲ್ಲ. ರಸ್ತೆಗೂ ನಿಲುಗಡೆಗೂ ನಡುವೆ ದ್ವೀಪದಂಥ ಕಟ್ಟೆ ಇರುವುದನ್ನೇ ಆರಿಸಿ. ಬರೀ ರಸ್ತೆ ಅಗಲಿಸಿ ಮಾಡಿದ ಕಡೆ, ತೂಕಡಿಸುವ ಚಾಲಕನೊಬ್ಬ ಗೆರೆ ದಾಟಿದರೆ ನೇರ ನಿಮ್ಮ ಹಿಂಬದಿಗೇ ಬರುತ್ತಾನೆ. ಹೊರಡುವಾಗಲೂ ಕಷ್ಟ: ಗಂಟೆಗೆ 70 ಮೈಲಿ ವೇಗದ ಕಾರು ಸೆಕೆಂಡಿಗೆ 31 ಮೀಟರ್ ಸಾಗುತ್ತದೆ, ನೀವು ಸೊನ್ನೆಯಿಂದ ಶುರುಮಾಡಬೇಕು. ರಾತ್ರಿ ನಿಲ್ಲಿಸಿದರೆ, ಗಂಟೆಗೆ 30 ಮೈಲಿಗಿಂತ ಹೆಚ್ಚಿನ ವೇಗಮಿತಿಯ ರಸ್ತೆಯ ಲೇ-ಬೈನಲ್ಲಿ ಪಾರ್ಕಿಂಗ್ ದೀಪ ಕಡ್ಡಾಯ. ಇದು ಅನೇಕರಿಗೆ ಗೊತ್ತೇ ಇಲ್ಲ. ಹಗಲಲ್ಲಿ ಚಹಾ ವ್ಯಾನ್ ಇದ್ದು ಗಿಜಿಗುಡುವ ಜಾಗ ರಾತ್ರಿ ನಿರ್ಜನವಾಗಬಹುದು. ಲಾರಿಗಳ ಡೀಸೆಲ್, ಸರಕು ಕದಿಯುವವರಿಗೆ ಇಂಥದ್ದೇ ಬೇಕು. ಬೆಲೆಬಾಳುವ ವಸ್ತು ಇದ್ದರೆ ಸರ್ವಿಸಸ್‌ಗೇ ಹೋಗಿ.

ಗಾಡಿ ಕೆಟ್ಟಿತು ಅನ್ನಿ. ಸಾಧ್ಯವಾದರೆ ಮುಂದಿನ ನಿರ್ಗಮನಕ್ಕೋ ಸರ್ವಿಸಸ್‌ಗೋ ತಲುಪಿಸಿ. ಆಗದಿದ್ದರೆ, ಹಾರ್ಡ್ ಶೋಲ್ಡರ್ ಇಲ್ಲದ ಕಡೆ ನೀಲಿ ಫಲಕದಲ್ಲಿ ಕಿತ್ತಳೆ ಎಸ್ಓಎಸ್ ಗುರುತಿರುವ ತುರ್ತು ತಂಗುದಾಣ ಹುಡುಕಿ. ಹಾರ್ಡ್ ಶೋಲ್ಡರ್‌ನಲ್ಲಾದರೆ ಆದಷ್ಟು ಎಡಕ್ಕೆ ನಿಲ್ಲಿಸಿ, ಚಕ್ರ ಎಡಕ್ಕೆ ತಿರುಗಿಸಿ. ಹಜಾರ್ಡ್ ದೀಪ ಹಾಕಿ, ಎಡಬಾಗಿಲಿನಿಂದಲೇ ಇಳಿದು ತಡೆಬೇಲಿಯ ಆಚೆ, ವಾಹನಗಳು ಬರುವ ದಿಕ್ಕಿಗೆ ಸ್ವಲ್ಪ ಹಿಂದೆ ಹೋಗಿ ನಿಲ್ಲಿ. ಹಿಂದಿನಿಂದ ಬೇರೆ ವಾಹನ ಗುದ್ದಿದರೆ ನಿಮ್ಮ ಕಾರು ಮುಂದಕ್ಕೆ ಹಾರುತ್ತದೆ. ನಾಯಿ ಕಾರಿನಲ್ಲೇ ಇರಲಿ. ಎಚ್ಚರಿಕೆಯ ತ್ರಿಕೋನ ಇಡಲು ಮೋಟಾರ್‌ವೇಯಲ್ಲಿ ಹೋಗಲೇಬೇಡಿ. ಬೇರೆ ರಸ್ತೆಯಲ್ಲಾದರೆ ಕನಿಷ್ಠ 45 ಮೀಟರ್ ಹಿಂದೆ.

ಪ್ರತಿ 100 ಮೀಟರ್‌ಗೊಂದು ಗುರುತುಕಂಬವಿದ್ದು, ಅದರ ಬಾಣ ಹತ್ತಿರದ ಎಸ್ಓಎಸ್ ಫೋನಿನತ್ತ ತೋರಿಸುತ್ತದೆ. ಮೊಬೈಲ್ ಬಳಸಿದರೆ ಕಂಬದ ಸಂಖ್ಯೆಯನ್ನೇ ಹೇಳಿ. ಓಡುವ ಲೇನಿನಲ್ಲೇ ಸಿಕ್ಕಿಕೊಂಡು ಸುರಕ್ಷಿತವಾಗಿ ಇಳಿಯಲಾಗದಿದ್ದರೆ, ಬೆಲ್ಟ್ ಕಳಚದೆ, ಹಜಾರ್ಡ್ ದೀಪ ಹಾಕಿ ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ. ತುರ್ತು ತಂಗುದಾಣದಿಂದ ಹೊರಡುವ ಮುನ್ನವೂ ಎಸ್ಓಎಸ್ ಫೋನ್ ಎತ್ತಿ. ಬೇಕಾದರೆ ಅತ್ತಲಿನ ಸಿಬ್ಬಂದಿ ಪಕ್ಕದ ಲೇನಿಗೆ, ಲೇನ್ ಮುಚ್ಚಿದೆ ಎನ್ನುವ ಕೆಂಪು ಎಕ್ಸ್ ಗುರುತು ಹಾಕಿ ದಾರಿ ಬಿಡಿಸಿಕೊಡುತ್ತಾರೆ.