ಹಳೇ ಬುಲೆಟ್‌ಗೆ ಕಂಪನಿ ಕಾರ್ಬುರೇಟರೇ ಸಾಕಾ, ದೊಡ್ಡದು ಬೇಕಾ?

ನನ್ನ ಹತ್ತಿರ ಇರುವುದು ಅಪ್ಪ ಓಡಿಸುತ್ತಿದ್ದ ಕಾಸ್ಟ್ ಐರನ್ ಬುಲೆಟ್ 350. ಎಂಜಿನ್ 346 ಸಿಸಿ, ಪಾಯಿಂಟ್ ಸೆಟ್ಟಿನ (ಪ್ಲಗ್‌ಗೆ ಕಿಡಿ ಕೊಡಿಸುವ ಹಳೇ ಕಾಲದ ಸ್ವಿಚ್ಚಿನ) ಗಾಡಿ, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಮಿಕ್‌ಕಾರ್ಬ್ ವಿಎಂ 24, ಅಂದರೆ 24 ಮಿ.ಮೀ. ಬಾಯಿಯದು. ಹೋದ ಬೇಸಿಗೆಯಲ್ಲಿ ಇದರ ಸ್ಲೋ, ಅಂದರೆ ನಿಂತಲ್ಲೇ ಎಂಜಿನ್ ಓಡುವ ವೇಗ, ಕೈಕೊಟ್ಟಿತು. ನಮ್ಮ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ನಿಂತರೆ ಒಮ್ಮೆ ತಾನಾಗೇ ರೇಸ್ ಆಗುತ್ತಿತ್ತು, ಇನ್ನೊಮ್ಮೆ ಬಂದ್ ಬೀಳುತ್ತಿತ್ತು. ಸ್ಕ್ರೂ ತಿರುಗಿಸಿ ಸರಿ ಮಾಡಿದರೆ ಸೂಪರ್ ಮಾರ್ಕೆಟ್ ಮುಟ್ಟುವಷ್ಟರಲ್ಲಿ ಮತ್ತೆ ಅದೇ ಹಾಡು.

ಬುಲೆಟ್ ಇಟ್ಟವನಿಗೆ ಸಲಹೆಗೆ ಬರ ಇಲ್ಲ. ಅಣ್ಣನ ಮಗ 28 ಮಿ.ಮೀ. ಬಾಯಿಯ ದೊಡ್ಡ ಕಾರ್ಬುರೇಟರಿನ ಫೋಟೋ ತೋರಿಸಿದ. "ಕಾಕಾ, ಪಿಡಬ್ಲ್ಯುಕೆ 28 ಹಾಕಸ್ರಿ, ಗಾಡಿ ಹಾರ್ತದ." ಬಿಡಿಭಾಗದ ಅಂಗಡಿಯವರು ರಿಪೇರಿ ಕಿಟ್ ಹಾಕಿಸಿ ಸಾಕು ಅಂದರು. ಇನ್ನೊಬ್ಬರು ಕಾರ್ಬುರೇಟರನ್ನೇ ಬಿಸಾಕಿ ಹೊಸದು ತನ್ನಿ ಅಂದರು. ಮೂವರೂ ಗಾಡಿ ಮುಟ್ಟಿ ನೋಡಿರಲಿಲ್ಲ.

ಕಾರ್ಬುರೇಟರ್ ಮೇಲೆ ತಪ್ಪು ಹೊರಿಸುವ ಮುಂಚೆ ಬೇರೆಯದನ್ನು ನೋಡಲೇಬೇಕು. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಒಳಗಿದೆಯಾ, ಟ್ಯಾಪೆಟ್ (ವಾಲ್ವ್‌ನ ಸಂದು) ಸರಿ ಇದೆಯಾ, ಪ್ಲಗ್ ಬಣ್ಣ ಏನು ಹೇಳುತ್ತದೆ. ನನ್ನ ಪ್ಲಗ್ ಬೂದಿ ಬಡಿದಂತೆ ಬಿಳಿ ಇತ್ತು. ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕಲು ಸುಲಭದ ದಾರಿ ಒಂದಿದೆ. ಗಾಡಿ ಸ್ಲೋದಲ್ಲಿ ಓಡುತ್ತಿರುವಾಗ ಕಾರ್ಬುರೇಟರ್ ಮತ್ತು ಹೆಡ್ ಕೂಡುವ ಜಾಗದಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಸವರಿ. ಸದ್ದು ಬದಲಾದರೆ ಅಲ್ಲೇ ಲೀಕ್. ನನ್ನದರಲ್ಲಿ ಬದಲಾಯಿತು. ಎರಡು ನಟ್‌ಗಳನ್ನು ವರ್ಷಾನುಗಟ್ಟಲೆ ಬಿಗಿದು ಬಿಗಿದು, ಹೆಡ್‌ಗೆ ಕೂಡುವ ಕಾರ್ಬುರೇಟರಿನ ಚಪ್ಪಟೆ ಅಂಚು (ಫ್ಲೇಂಜ್) ಬಾಗಿತ್ತು. ದಪ್ಪ ಗಾಜಿನ ಮೇಲೆ 400ರ ಸ್ಯಾಂಡ್‌ಪೇಪರ್ ಇಟ್ಟು ಅದನ್ನು ಉಜ್ಜಿ ಮಟ್ಟ ಮಾಡಿದೆವು, ಹೊಸ ಪ್ಯಾಕಿಂಗ್ ಹಾಕಿದೆವು. ಅರ್ಧ ರೋಗ ಅಲ್ಲಿಗೇ ಹೋಯಿತು.

ಉಳಿದ ಅರ್ಧ ಸ್ಲೈಡ್‌ನದು, ಅಂದರೆ ಎಕ್ಸಲೇಟರ್ ತಿರುವಿದಾಗ ಕಾರ್ಬುರೇಟರ್ ಒಳಗೆ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡಿನದು. ಸ್ಟೇಷನ್ ಕಡೆಯ ಗ್ಯಾರೇಜ್‌ನ ಉಸ್ತಾದ್ ಅದನ್ನು ಬಿಚ್ಚಿ, ಮತ್ತೆ ಬಾಡಿಯೊಳಗೆ ಇಳಿಸಿ, ಹೆಬ್ಬೆರಳಿನಿಂದ ಅಲುಗಾಡಿಸಿದರು. ಟಕ್ ಟಕ್ ಅಂತ ಸದ್ದು. ಆಮೇಲೆ ಬಿಸಿಲಿಗೆ ಹಿಡಿದು ತೋರಿಸಿದರು. ಸ್ಲೈಡ್ ಪೂರ್ತಿ ಕೆಳಗಿದ್ದರೂ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಎಂಜಿನ್ ಕಡೆಯ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಮಧ್ಯದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ. "ಸರ, ಸ್ಲೈಡ್ ಲೂಸ್ ಆಗ್ಯದ, ಬಾಡಿನೂ ಸವದದ. ಕಿಟ್ ಹಾಕಿ ಏನ್ ಮಾಡ್ತೀರಿ?" ಅಂದರು.

ಮಾತು ಸರಿ ಇತ್ತು. ಕಿಟ್‌ನಲ್ಲಿ ಬರುವುದು ರಬ್ಬರ್ ವಾಷರ್, ಪಿನ್ ವಾಲ್ವ್, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು), ಒಂದೆರಡು ಸ್ಪ್ರಿಂಗ್. ಸವೆದ ಬಾಡಿಗೆ ಅದರಲ್ಲಿ ಮದ್ದಿಲ್ಲ. ಸ್ಲೈಡ್ ಬಿಗಿಯಾಗಿದ್ದರೆ ಕಿಟ್ ಸಾಕು, ಖರ್ಚು ನೂರುಗಳಲ್ಲಿ ಮುಗಿಯುತ್ತದೆ. ಬಾಡಿ ಸವೆದಿದ್ದರೆ ಬೇರೆ ಕಾರ್ಬುರೇಟರ್ ಬೇಕೇ ಬೇಕು, ಅದು ಸಾವಿರಗಳ ಮಾತು. ಕಂಪನಿಯದಾ ಹೊರಗಿನದಾ ಅನ್ನುವ ಪ್ರಶ್ನೆ ಇಲ್ಲಿಂದ ಶುರುವಾಗಬೇಕು. ನಮ್ಮಲ್ಲಿ ಬಹಳ ಮಂದಿ ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ.

ಹೊರಗಿನ ಮಾಲಿನಲ್ಲಿ ಎರಡು ಬೇರೆ ಬೇರೆ ಜಾತಿ ಇವೆ. ಒಂದು, ವಿಎಂ 24 ಥರಾನೇ ಕಾಣುವ ಅಗ್ಗದ ನಕಲು. ಇನ್ನೊಂದು, ದೊಡ್ಡ ಬಾಯಿಯ ಪಿಡಬ್ಲ್ಯುಕೆ ಥರದ್ದು. ನಕಲನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಗೆ ಅಚ್ಚಿನ ಚೂರು ಅಂಟಿಕೊಂಡಿತ್ತು, ಸ್ಲೋಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಹಾಕಿದರೆ ಕೊನೆಯ ಸುತ್ತಿಗೆ ಮುಂಚೆಯೇ ಸಿಕ್ಕಿಬಿತ್ತು, ಸ್ಲೈಡ್‌ನ ಕೆಳಗೆ ಇರಬೇಕಾದ ನಂಬರೇ ಇರಲಿಲ್ಲ. ಸ್ಲೈಡ್ ಎಷ್ಟು ಓರೆಯಾಗಿ ಕತ್ತರಿಸಿದೆ ಅಂತ ಆ ನಂಬರ್ ಹೇಳುತ್ತದೆ. ಅದು ಗೊತ್ತಿಲ್ಲದೆ ಟ್ಯೂನ್ ಮಾಡುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ. ವಾಪಸ್ ಕೊಟ್ಟೆ.

ಪಿಡಬ್ಲ್ಯುಕೆ ಮಾತ್ರ ಹಾಕಿ ನೋಡಿದೆ. ಅಣ್ಣನ ಮಗ ತನ್ನ ಗೆಳೆಯನಿಂದ ಇಸಿದುಕೊಂಡು ಬಂದಿದ್ದ, ಸುಮ್ನೆ ವಾದ ಮಾಡುವುದಕ್ಕಿಂತ ಓಡಿಸಿ ನೋಡುವುದೇ ವಾಸಿ ಅಲ್ವಾ? ರಿಂಗ್ ರೋಡ್‌ನಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟರೆ ಚೆನ್ನಾಗಿಯೇ ಎಳೆಯಿತು, ಸುಳ್ಳು ಹೇಳುವುದಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟಿ ಏರು ಹತ್ತುವಾಗ ಬಣ್ಣ ಬಯಲಾಯಿತು. ಲಾರಿ ಹಿಂದೆ ಮೂರನೇ ಗೇರ್‌ನಲ್ಲಿ ನಿಧಾನ ಹೋಗಿ ಒಮ್ಮೆಲೇ ಎಕ್ಸಲೇಟರ್ ತಿರುವಿದರೆ ಗಾಡಿ ಕೆಮ್ಮಿ ಒಂದು ಕ್ಷಣ ಸುಮ್ಮನಾಗುತ್ತಿತ್ತು, ಆಮೇಲೆ ಎಳೆಯುತ್ತಿತ್ತು.

ಇದಕ್ಕೆ ಲೆಕ್ಕ ಇದೆ. 24 ಮಿ.ಮೀ. ಬಾಯಿಗಿಂತ 28ರ ಬಾಯಿ ವಿಸ್ತೀರ್ಣದಲ್ಲಿ ಸುಮಾರು 36 ಶೇಕಡಾ ದೊಡ್ಡದು. ಎಂಜಿನ್ ಅದೇ, ಎಳೆಯುವ ಗಾಳಿಯೂ ಅಷ್ಟೇ. ದೊಡ್ಡ ಬಾಯಿಯಲ್ಲಿ ಗಾಳಿಯ ವೇಗ ಕಾಲು ಭಾಗದಷ್ಟು ಇಳಿಯುತ್ತದೆ. ಪೆಟ್ರೋಲನ್ನು ಜೆಟ್‌ನಿಂದ ಮೇಲೆತ್ತುವುದು ಆ ವೇಗವೇ. ಬುಲೆಟ್ ಎಂಜಿನ್ 70 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 90 ಮಿ.ಮೀ. ಸ್ಟ್ರೋಕ್‌ನದು (ಪಿಸ್ಟನ್ ಓಡುವ ಉದ್ದ), ನಿಧಾನ ತಿರುಗಿ ಎಳೆಯಲೆಂದೇ ಮಾಡಿದ್ದು. ಅದರ ಜೀವ ಕೆಳಗಿನ ಸ್ಪೀಡ್‌ನಲ್ಲಿದೆ. ದೊಡ್ಡ ಕಾರ್ಬುರೇಟರ್ ಕಸಿಯುವುದೂ ಅದನ್ನೇ.

ಜೆಟ್ ಬದಲಿಸಿ ಸರಿ ಮಾಡಬಹುದು ಅಂತ ಹುಡುಗ ಹಟ ಹಿಡಿದ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಪಿಡಬ್ಲ್ಯುಕೆಗೆ ಬೇಕಾದದ್ದು ಜಪಾನಿನ ಕೀಹಿನ್ ಕಂಪನಿಯ ಅಳತೆಯ ಜೆಟ್, ಅದರ ನಂಬರ್ ರಂಧ್ರದ ಅಗಲಕ್ಕೆ ಸೇರಿದ್ದು. ವಿಎಂ ಕಾರ್ಬುರೇಟರಿನ ಮೂಲ ಕಂಪನಿ ಮಿಕುನಿಯ ಆರು ಮೂಲೆಯ ಜೆಟ್‌ನ ನಂಬರ್ ಹರಿವಿನ ಲೆಕ್ಕದ್ದು. ಅಲ್ಲಿಯ 110, ಇಲ್ಲಿಯ 110 ಒಂದೇ ಅಲ್ಲ. ವಿಎಂ ಜೆಟ್‌ಗಳು ಕಲಬುರಗಿಯಲ್ಲೇ ಕೇಳಿದರೆ ಸಿಗುತ್ತವೆ. ಕೀಹಿನ್ ಅಳತೆಯವಕ್ಕೆ ನಾನು ಕೇಳಿದ ಕಡೆಯೆಲ್ಲ ಸೊಲ್ಲಾಪುರ ಇಲ್ಲವೇ ಹೈದರಾಬಾದ್ ಕಡೆ ಕೈ ತೋರಿಸಿದರು. ಒಂದೊಂದು ನಂಬರ್ ತಂದು ಹಾಕಿ ನೋಡುವವನಿಗೆ ಇದು ಸಣ್ಣ ಮಾತಲ್ಲ.

ನನ್ನನ್ನು ಪೂರ್ತಿ ಹಿಂದೆ ತಿರುಗಿಸಿದ್ದು ಮಾತ್ರ ಏರ್ ಫಿಲ್ಟರ್. ಪಿಡಬ್ಲ್ಯುಕೆಗೆ ಕಂಪನಿ ಫಿಲ್ಟರ್‌ನ ಪೈಪ್ ಕೂಡುವುದಿಲ್ಲ. ಹಾಗಾಗಿ ಎಲ್ಲರೂ ಬಯಲಿಗೆ ಬಿದ್ದ ಕೋನ್ ಫಿಲ್ಟರ್ ಸಿಕ್ಕಿಸುತ್ತಾರೆ. ಬೆಂಗಳೂರಿನಲ್ಲಿ ನಡೆಯಬಹುದು. ನಾನು ವಾರಕ್ಕೊಮ್ಮೆ ಶಹಾಬಾದ್ ಕಡೆ ಹೋಗುವವನು. ಫರಸಿ ಕಲ್ಲಿನ ಪುಡಿ, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ವಾಡಿ ಕಡೆ ಸಿಮೆಂಟ್ ಲಾರಿಗಳು. ಸಂಜೆ ಮನೆಗೆ ಬಂದರೆ ಹುಬ್ಬು ಬೆಳ್ಳಗಾಗಿರುತ್ತದೆ. ಅದೇ ಧೂಳು ಸಿಲಿಂಡರ್‌ನೊಳಗೆ ಹೋದರೆ ಮುಂದಿನ ಖರ್ಚು ಸವೆದ ಸಿಲಿಂಡರ್ ಕೊರೆಸುವ ಬೋರಿಂಗ್‌ನದು.

ಹಾಗಾಗಿ ಹೊಸ ವಿಎಂ 24 ತಂದೆ. ಚೆನ್ನೈನ ಯೂಕಲ್ ಕಂಪನಿಯ ಮಾಲು, ಸೀಲ್ ಇದ್ದ ಪೆಟ್ಟಿಗೆ. ಹಾಕಿದ ಕೂಡಲೇ ಎಲ್ಲ ಸರಿಹೋಯಿತು ಅಂದರೆ ತಪ್ಪಾಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್. ಒಂದು ಭಾಗ ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಂದರೆ ಅದೇ ಜೆಟ್‌ನಲ್ಲಿ ಗಾಡಿ ಮೊದಲಿಗಿಂತ ಒಣಗಿಯೇ, ಅಂದರೆ ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾಗಿಯೇ, ಓಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಬೇಡವೇ ಬೇಡ. ನನ್ನದರಲ್ಲಿದ್ದ ಮೇನ್ ಜೆಟ್ (ಪೂರ್ತಿ ಎಕ್ಸಲೇಟರ್‌ನಲ್ಲಿ ಪೆಟ್ರೋಲ್ ಕೊಡುವುದು) 90. ಅದನ್ನು 95 ಮಾಡಿ, ಸ್ಲೈಡ್‌ಗೆ ತೂಗುವ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ ಒಂದು ಗೆರೆ ಕೆಳಗಿಟ್ಟೆವು. ಹಾಗಿಟ್ಟರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಏರ್ ಸ್ಕ್ರೂ ಪೂರ್ತಿ ಒಳಗೆ ತಿರುವಿ, ಒಂದೂವರೆ ಸುತ್ತು ಹೊರಗೆ ತಂದು, ಎಂಜಿನ್ ಕಾದ ಮೇಲೆ ಅಲ್ಲಿಂದ ಕಿವಿಯ ಮೇಲೆ ಹೊಂದಿಸಿದೆವು. ಪ್ಲಗ್ ಈಗ ಕಾಫಿಪುಡಿ ಬಣ್ಣದಲ್ಲಿದೆ. ಆವರೇಜ್ ತುಸು ಇಳಿದಿದೆ, ಇಳಿಯಲಿ.

ದೊಡ್ಡದು ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಎಂಜಿನ್‌ಗೆ ದೊಡ್ಡ ಬೋರ್ ಕಿಟ್ ಹಾಕಿದವರಿಗೆ, ಸೈಲೆನ್ಸರ್, ಕ್ಯಾಮ್ ಬದಲಿಸಿದವರಿಗೆ ವಿಎಂ 24 ಉಸಿರುಗಟ್ಟಿಸುತ್ತದೆ. ಹಳೇ ಯೆಜ್ಡಿ ಇಟ್ಟವರ ಕಥೆಯೂ ಬೇರೆ. ಅದರ ಜಿಕೋವ್ ಕಾರ್ಬುರೇಟರ್ ಸವೆದರೆ ಬಿಡಿಭಾಗಕ್ಕೆ ಊರೂರು ಅಲೆಯುವುದಕ್ಕಿಂತ ಚೆನ್ನಾಗಿರುವ ಬೇರೆಯದನ್ನು ಕೂಡಿಸುವುದೇ ಜಾಣತನ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಅನ್ನುವುದು ನೆನಪಿರಲಿ. ಆಗ ಗಾಡಿ ನೋಡುತ್ತಾರೆ, ಹೊಗೆ ಸರ್ಟಿಫಿಕೇಟ್ ಕೇಳುತ್ತಾರೆ.

ಈಗಿನ ಪೆಟ್ರೋಲ್‌ಗೆ ನಾನು ರೂಢಿಸಿಕೊಂಡ ಇನ್ನೊಂದು ಕೆಲಸ ಇದೆ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವ ತನಕ ಎಂಜಿನ್ ಓಡಿಸುತ್ತೇನೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಟ್ಟಿ ಮೊದಲು ಪೈಲಟ್ ಜೆಟ್ಟನ್ನೇ ಮುಚ್ಚುತ್ತದೆ. ಮುಚ್ಚಿಕೊಂಡರೆ ತಂತಿ ತೂರಿಸಬೇಡಿ, ರಂಧ್ರ ದೊಡ್ಡದಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಊದಿಸಿದರೆ ಸಾಕು.