ಬದುವಿನ ಕಳೆ: ಯಾವುದನ್ನು ಕೀಳುತ್ತೇನೆ, ಯಾವುದನ್ನು ಬಿಡುತ್ತೇನೆ

ತುಮಕೂರು ಕಡೆ ನಮ್ಮದು ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ರಾಗಿ ಮುಖ್ಯ ಬೆಳೆ, ಅದರ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿಗೆ ಕಳೆನಾಶಕ ಹೊಡೆಯುವುದು, ಬೇಸಿಗೆಯಲ್ಲಿ ಬೆಂಕಿ ಇಡುವುದು ಎರಡನ್ನೂ ಬಿಟ್ಟಿದ್ದೇನೆ. ಹಾಗಂತ ಸುಮ್ನೆ ಬಿಟ್ಟರೆ ಬದು ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಎಂಬ ಕಳೆಯ ಪಾಲಾಗುತ್ತದೆ. ಅದಕ್ಕೇ ಆಯ್ದು ಕೀಳುತ್ತೇನೆ, ಆಯ್ದು ಉಳಿಸುತ್ತೇನೆ.

ಮಣ್ಣು ಕೆದಕಿದ ಕಡೆಯೆಲ್ಲ ಪಾರ್ಥೇನಿಯಂ ಬರುತ್ತದೆ. ಜೆಸಿಬಿ ಓಡಾಡಿದ ಜಾಗ, ಕೃಷಿಹೊಂಡದ ಏರಿ, ಗೊಬ್ಬರ ಸುರಿದ ಅಂಚು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಆದ್ದರಿಂದ ಹೂ ಬರುವ ಮುಂಚೆಯೇ ಕೀಳಬೇಕು. ಮಳೆಯ ಮಾರನೇ ದಿನ ಎಳೆದರೆ ಬೇರು ಸಮೇತ ಬರುತ್ತದೆ. ಕುಡುಗೋಲಿನಲ್ಲಿ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಟವೆಲ್ ಇಲ್ಲದೆ ಮುಟ್ಟಬೇಡಿ. ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸವೂ ಬರುತ್ತದೆ. ಹೂ ಬಿಡದ ಗಿಡ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಹೂ ಬಿಟ್ಟದ್ದನ್ನು ಬೇರೆ ಕಡೆ ಒಣಗಿಸಿ ಸುಡುತ್ತೇನೆ.

ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಪಟ್ಟ ಕಷ್ಟ ದಂಡ. ಚಳಿಗಾಲದಲ್ಲಿ ತಗಚೆ ಗಿಡದ ಒಣ ಕಾಯಿ ಬಿಡಿಸಿ ಬೀಜ ಎತ್ತಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಮಳೆಗೆ ಅಲ್ಲಿ ಎರಚುತ್ತೇನೆ. ಅದು ದಟ್ಟವಾಗಿ ಬೆಳೆದು ನೆರಳು ಕವಿದರೆ ಪಾರ್ಥೇನಿಯಂ ಸಸಿಗಳು ಮೇಲೇಳುವುದು ಕಷ್ಟ. ದನ ಅದನ್ನು ಮೇಯುವುದಿಲ್ಲ, ಇಲ್ಲಿ ಅದೇ ಅನುಕೂಲ. ಎಳೆ ಚಿಗುರು ನಮಗೆ ಸೊಪ್ಪು. ಸಣ್ಣ ಹಳದಿ ಚಿಟ್ಟೆಗಳು ಮೊಟ್ಟೆ ಇಡುವುದೂ ಅದರ ಎಲೆಯ ಮೇಲೆ.

ಮಳೆ ಹಿಡಿದ ಮೇಲೆ ಪಾರ್ಥೇನಿಯಂ ಮೇಲೆ ಒಂದು ಸಣ್ಣ ಜೀರುಂಡೆ ಕಾಣುತ್ತದೆ. ಮಾಸಲು ಬಿಳಿ ಬೆನ್ನು, ಕಂದು ಗೆರೆಗಳು. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ ಅದು. ಎಲೆಯೆಲ್ಲ ತಿಂದು ಗಿಡವನ್ನು ಬರೀ ಕಡ್ಡಿ ಮಾಡುತ್ತದೆ. ಆದರೆ ಒಣ ಕಾಲದಲ್ಲಿ ಮಣ್ಣೊಳಗೆ ಸೇರಿಕೊಳ್ಳುವುದರಿಂದ ಅದನ್ನೇ ನೆಚ್ಚಿ ಕೂರಲಾಗದು. ಕಂಡರೆ ಆ ಬದುವಿನ ಹತ್ತಿರ ಕೀಟನಾಶಕ ತರಬೇಡಿ, ಅಷ್ಟೇ.

ಉಳಿಸುವ ಗಿಡಗಳ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಅಣ್ಣೆ, ಗಣಿಕೆ, ಗೋಣಿ ಸೊಪ್ಪು ಎಲ್ಲ ಸೇರಿದರೆ ಬೆರಕೆ ಸೊಪ್ಪಿನ ಬಸ್ಸಾರು. ಔಷಧಿ ಹೊಡೆದ ಬದುವಿನಲ್ಲಿ ಅಮ್ಮ ಸೊಪ್ಪು ಕೀಳುವುದೇ ಇಲ್ಲ. ತುಂಬೆ ಹೂವಿಗೆ ಜೇನು ಬರುತ್ತವೆ. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯೊಂದಿದೆ. ಎಕ್ಕದ ಹಾಲಿನ ವಿಷ ಮೈಗೆ ಸೇರಿರುವುದರಿಂದ ಹಕ್ಕಿಗಳಿಗೆ ಅದು ರುಚಿಸುವುದಿಲ್ಲ. ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಥೇಟ್ ಅದರ ಹಾಗೇ ವೇಷ ಹಾಕುತ್ತದೆ, ಮೊಟ್ಟೆ ಇಡುವುದು ಮಾತ್ರ ಗೋಣಿ ಸೊಪ್ಪಿನ ಮೇಲೆ! ಹೊಲದಂಚಿನಲ್ಲಿ ಇಂಥ ನಾಟಕ ನಡೆಯುವಾಗ ಎರಡೂ ಗಿಡ ಕಿತ್ತೆಸೆಯಲು ಮನಸ್ಸು ಬರುತ್ತದಾ?

ಹುಲ್ಲು ಕೊಯ್ಯುವಾಗ ಬದುವನ್ನು ಪೂರ್ತಿ ಬೋಳಿಸುವುದಿಲ್ಲ. ಈಗ ಒಂದು ಪಕ್ಕ, ತಿಂಗಳಾದ ಮೇಲೆ ಇನ್ನೊಂದು ಪಕ್ಕ, ನೆಲದಿಂದ ಒಂದು ಗೇಣು ಬಿಟ್ಟು. ಗೌಜಲ ಹಕ್ಕಿ ಹುಲ್ಲಿನ ಬುಡದಲ್ಲೇ ಮೊಟ್ಟೆ ಇಡುತ್ತದೆ. ಟಿಟ್ಟಿಭಕ್ಕೆ ಬಯಲೇ ಗೂಡು. ಅದು ತಲೆ ಮೇಲೆ ಕಿರುಚುತ್ತ ಸುತ್ತಿದರೆ ಉಳುಮೆ ನಿಲ್ಲಿಸಿ ಮೊಟ್ಟೆ ಹುಡುಕುತ್ತೇನೆ. ಸುತ್ತ ಕಡ್ಡಿ ನೆಟ್ಟು ಅಷ್ಟು ಜಾಗ ಬಿಡುತ್ತೇನೆ. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ತೊಗರಿ ಸಾಲಿನಲ್ಲಿ ನೆಟ್ಟ ಅಡ್ಡಕೋಲಿನ ಗೂಟಗಳ ಮೇಲೆ ಕಾಜಾಣ ಕೂತು ಹುಳ ಹಿಡಿಯುತ್ತದೆ.

ನಷ್ಟವೂ ಇದೆ. ರಾಟವಾಳಗಳು ರಾಗಿ ತೆನೆಗೆ ಬೀಳುತ್ತವೆ, ನವಿಲೂ ಬರುತ್ತದೆ. ಅಷ್ಟನ್ನು ಸಹಿಸಿಕೊಳ್ಳುತ್ತೇನೆ. ಲಂಟಾನವನ್ನು ಮಾತ್ರ ಒಂದು ಬುಡವೂ ಬಿಡುವುದಿಲ್ಲ. ಅದರ ಪೊದೆಯೊಳಗೆ ಹಗಲೆಲ್ಲ ಕಾಡುಹಂದಿ ಮಲಗುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಊರೆಲ್ಲ ಹರಡುತ್ತವೆ. ಹಣ್ಣಾಗುವ ಮುಂಚೆ ಗುದ್ದಲಿಯಿಂದ ಬೇರು ಅಗೆದು, ಆ ಗುಂಡಿಗೆ ತಂಗಡಿ ಇಲ್ಲವೇ ಹೊಂಗೆ ನೆಡುತ್ತೇನೆ.