ಬೋರ್ಡಿನ ಫೋಟೋ ಕಳಿಸಿ: ಹಳೆಯ ಗೇಮ್ ಕ್ಯಾಸೆಟ್ ಕೊಳ್ಳುವ ನನ್ನ ಅನುಭವ

ಮೂರು ವಾರ ಬಿಡದೆ ಆಡಿದ ಆಟ, ಗೇಮ್ ಬಾಯ್ ಅಡ್ವಾನ್ಸ್ ಎಂಬ ನಿಂಟೆಂಡೋದ ಹಳೆಯ ಕೈಯಂತ್ರದ ಪೋಕೆಮಾನ್ ಎಮರಾಲ್ಡ್. ಶನಿವಾರ ರಾತ್ರಿ, ಆಟದ ಕೊನೆಯಲ್ಲಿ ಎದುರಾಗುವ ಎಲೀಟ್ ಫೋರ್ ಎಂಬ ನಾಲ್ವರನ್ನೂ ಅವರ ಮೇಲಿನ ಚಾಂಪಿಯನ್ನನ್ನೂ ಸೋಲಿಸಿದೆ. ಹಾಲ್ ಆಫ್ ಫೇಮ್ ಪರದೆಯಲ್ಲಿ ನನ್ನ ಆರೂ ಪೋಕೆಮಾನ್‌ಗಳು ಸಾಲಾಗಿ ಬಂದು ನಿಂತದ್ದನ್ನು ಕಣ್ತುಂಬ ನೋಡಿ ಮಲಗಿದೆ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು ಆನ್ ಮಾಡಿದರೆ ಮೆನುವಿನಲ್ಲಿ ‘ನ್ಯೂ ಗೇಮ್’ ಒಂದೇ ಸಾಲು. ‘ಕಂಟಿನ್ಯೂ’ ಇಲ್ಲ. ತೆಗೆದು ಹಾಕಿದೆ, ಒರೆಸಿ ಹಾಕಿದೆ, ಇನ್ನೊಂದು ಮಷೀನಿಗೆ ಹಾಕಿ ನೋಡಿದೆ. ಇಲ್ಲವೆಂದರೆ ಇಲ್ಲ.

ಆ ಕ್ಯಾಸೆಟ್ಟಿಗೆ 2,400 ರೂಪಾಯಿ ಕೊಟ್ಟಿದ್ದೆ. (ಕಾರ್ಟ್ರಿಡ್ಜ್ ಎನ್ನುವುದು ಸರಿಯಾದ ಪದ, ಆದರೆ ನಾವು ಬೆಳೆದದ್ದು ಕ್ಯಾಸೆಟ್ ಎನ್ನುತ್ತಲೇ. ಹಾಗೇ ಬರೆಯುತ್ತೇನೆ.) ಮಾರಿದವನಿಗೆ ಮೆಸೇಜ್ ಹಾಕಿದೆ. “ಕೊಡುವಾಗ ವರ್ಕಿಂಗ್ ಇತ್ತಲ್ಲ ಬ್ರೋ” ಎಂದು ಒಂದು ಉತ್ತರ ಬಂತು, ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ. ನಾನು ಕೊಂಡ ಆನ್‌ಲೈನ್ ತಾಣದಲ್ಲಿ ಹಣ ವಾಪಸ್ ಕೇಳಲು ಏಳು ದಿನ ಅವಕಾಶ. ನನಗೆ ವಿಷಯ ಗೊತ್ತಾದದ್ದು ಇಪ್ಪತ್ತೆರಡನೇ ದಿನ.

ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟಿನ ಸ್ಕ್ರೂ ತಲೆಯಲ್ಲಿ ಮೂರು ಸೀಳು ಇರುತ್ತದೆ, ಮಾಮೂಲಿ ಸ್ಕ್ರೂಡ್ರೈವರಿಗೆ ಜಗ್ಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಹುಡುಕಿ ತಂದು ಬಿಚ್ಚಿದೆ. ಒಳಗಡೆ ಚಿಪ್ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಅಂಟಿನ ಗುಡ್ಡೆ, ಯಾರೋ ಟಾರಿನ ಹನಿ ಬೀಳಿಸಿದ ಹಾಗೆ. ಪಕ್ಕದಲ್ಲಿ ಓರೆಯಾಗಿ ಬೆಸುಗೆ ಹಾಕಿದ ಒಂದು ಬ್ಯಾಟರಿ. ಸರ್ಕ್ಯೂಟ್ ಬೋರ್ಡಿನ ಮೇಲೆ ನಿಂಟೆಂಡೋ ಹೆಸರು ಎಲ್ಲೂ ಇರಲಿಲ್ಲ. ನಕಲಿ. ನಿಜವಾದ ಎಮರಾಲ್ಡ್‌ನಲ್ಲಿ ಸೇವ್ (ಆಟ ಎಲ್ಲಿಗೆ ಬಂದಿದೆ ಎಂಬ ದಾಖಲೆ) ಕೂರುವುದು ಬ್ಯಾಟರಿ ಇಲ್ಲದೆಯೂ ಉಳಿಯುವ ಫ್ಲ್ಯಾಷ್ ಮೆಮೊರಿಯಲ್ಲಿ, ಬ್ಯಾಟರಿ ಇರುವುದು ಒಳಗಿನ ಗಡಿಯಾರ ನಡೆಸಲಿಕ್ಕೆ ಮಾತ್ರ. ಅದು ಸತ್ತರೆ ಶುರುವಿನಲ್ಲೇ ಬ್ಯಾಟರಿ ಮುಗಿದಿದೆ ಎಂದು ಪರದೆಯೇ ಹೇಳುತ್ತದೆ, ಆಟ ಮಾತ್ರ ನಡೆಯುತ್ತದೆ, ಸೇವ್ ಎಲ್ಲೂ ಹೋಗುವುದಿಲ್ಲ. ನನಗೆ ಬಂದದ್ದರಲ್ಲಿ ಸೇವ್‌ನ ಜೀವವೇ ಆ ಓರೆ ಬ್ಯಾಟರಿಯ ಮೇಲೆ ನಿಂತಿತ್ತು.

ಕೋಪಕ್ಕಿಂತ ಹೆಚ್ಚಾಗಿ ದುಃಖವಾಯಿತು. ದುಡ್ಡು ಹೋದದ್ದಕ್ಕಲ್ಲ. ಮೂರು ವಾರ, ಆಫೀಸು ಮುಗಿಸಿ ಮೆಟ್ರೋದಲ್ಲಿ ಬರುವಾಗ, ಊಟ ಆದ ಮೇಲೆ, ನಾನು ಕಟ್ಟಿದ್ದು ಹೋಯಿತು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. 1997ರ ಹೊತ್ತಿಗೆ ನಮ್ಮ ಬೀದಿಯಲ್ಲಿ ಮೂರು ಮನೆಯಲ್ಲಿ ಟಿವಿ ಗೇಮ್ ಇತ್ತು. ಮೂರೂ ನಕಲೇ. ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರವನ್ನು ನೋಡಿ ಯಾರು ಯಾರೋ ತಯಾರಿಸಿದವು. ಕ್ಯಾಸೆಟ್ಟುಗಳೂ ನಕಲು. ಲೇಬಲ್ಲಿನಲ್ಲಿ 9999 ಆಟ ಎಂದಿದ್ದರೆ ಒಳಗೆ ಇರುತ್ತಿದ್ದುದು ನಾಲ್ಕೋ ಐದೋ, ಅವೇ ತಿರುತಿರುಗಿ ಬರುತ್ತಿದ್ದವು. ಆದರೂ ಆ ಕಾಂಟ್ರಾ, ಆ ಮಾರಿಯೋ ನಮ್ಮ ಬೇಸಿಗೆ ರಜೆಯನ್ನು ತುಂಬಿದವು. ಹಾಗಾದರೆ ಈಗ ನಕಲಿಗೆ ಯಾಕಿಷ್ಟು ತಕರಾರು ಎಂದು ನನ್ನ ತಂಗಿ ಒಮ್ಮೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಆಗ ಅಂಗಡಿಯವನು ನಮಗೆ ಸುಳ್ಳು ಹೇಳಿರಲಿಲ್ಲ. ನಕಲನ್ನು ನಕಲಿನ ಬೆಲೆಗೇ ಕೊಟ್ಟಿದ್ದ. ಈಗ 300 ರೂಪಾಯಿಯ ವಸ್ತುವಿಗೆ ‘ಒರಿಜಿನಲ್’ ಎಂದು ಬರೆದು 2,400 ಕೇಳುತ್ತಾರೆ. ನನ್ನ ಜಗಳ ಆ ಒಂದು ಪದದ ಜೊತೆ.

ಅಂದಿನಿಂದ ಯಾರ ಹತ್ತಿರ ಕೊಂಡರೂ ಮೂರು ಫೋಟೋ ಕೇಳುತ್ತೇನೆ. ಮೊದಲನೆಯದು, ಲೇಬಲ್ಲನ್ನು ಬೆಳಕಿಗೆ ಓರೆ ಹಿಡಿದು ತೆಗೆದದ್ದು. ಅಸಲಿ ಗೇಮ್ ಬಾಯ್ ಅಡ್ವಾನ್ಸ್ ಲೇಬಲ್ಲಿನ ಮೇಲೆ ಎರಡಂಕಿಯ ಒಂದು ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಶಾಯಿ ಇಲ್ಲ, ಬರೀ ಒತ್ತು, ನೇರ ನೋಡಿದರೆ ಕಾಣುವುದಿಲ್ಲ. ಎರಡನೆಯದು ಕೆಳಗಿನ ಬಾಯಿ. ಪಿನ್ನುಗಳ ಸಾಲಿನ ಮೇಲೆ ಬೋರ್ಡಿನಲ್ಲಿ ನಿಂಟೆಂಡೋ ಎಂದು ಅಚ್ಚಾಗಿರುವುದು ಅಲ್ಲಿಂದಲೇ ಇಣುಕುತ್ತದೆ. ಮೂರನೆಯದು ಬಿಚ್ಚಿದ ಬೋರ್ಡಿನದು. ಎಮರಾಲ್ಡ್ ಆದರೆ ಕವಚವನ್ನೂ ನೋಡುತ್ತೇನೆ. ಅದು ಆಚೆ ಬದಿ ಮಸುಕಾಗಿ ಕಾಣುವಂಥ ಹಸಿರು, ಲೇಬಲ್ಲಿನಲ್ಲಿ ಎಜಿಬಿ-ಬಿಪಿಇಇ-ಯುಎಸ್‌ಎ ಎಂಬ ಸಂಕೇತ (ಅಮೆರಿಕದ ಪ್ರತಿಯಾದರೆ) ಇರಬೇಕು. ನಕಲಿ ಮಾಡುವವರು ಎಷ್ಟೋ ಸಲ ಬೇರೆ ಆಟದ ಸಂಕೇತವನ್ನೇ ಇದಕ್ಕೂ ಹಾಕಿಬಿಟ್ಟಿರುತ್ತಾರೆ.

ಒಂದು ವಿಷಯ ಹೊಸಬರು ತಿಳಿದಿರಬೇಕು. “ಆನ್ ಮಾಡಿದಾಗ ನಿಂಟೆಂಡೋ ಲೋಗೋ ಬರುತ್ತೆ ಸಾರ್, ಅಂದ್ಮೇಲೆ ಒರಿಜಿನಲ್ಲೇ” ಎಂದು ವಿಡಿಯೋ ಕಳಿಸುವವರಿದ್ದಾರೆ. ಬಹಳ ಮಂದಿ ತಿಳಿಯದೆಯೇ ಹೇಳುತ್ತಾರೆ. 1989ರ ಮೊದಲ ಗೇಮ್ ಬಾಯ್‌ನಲ್ಲೇ ಆ ಲೋಗೋದ ಚಿತ್ರ ಕ್ಯಾಸೆಟ್ಟಿನೊಳಗೂ ಇರಬೇಕೆಂಬ ಏರ್ಪಾಡಿತ್ತು. ಯಂತ್ರ ತನ್ನಲ್ಲಿರುವ ಚಿತ್ರಕ್ಕೆ ಅದನ್ನು ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಅಂದರೆ ನಕಲಿ ನಡೆಯಬೇಕಾದರೂ ಆ ಲೋಗೋ ಬರಲೇಬೇಕು. ಲೋಗೋ ಬಂತೆಂದರೆ ಪಿನ್ನು ಕೂತಿದೆ ಎಂದಷ್ಟೇ ಅರ್ಥ.

ಮೂರು ಫೋಟೋ ಕೇಳಿದರೆ ಹತ್ತರಲ್ಲಿ ಏಳು ಜನ ಉತ್ತರವನ್ನೇ ಕೊಡುವುದಿಲ್ಲ, ಇದು ನನ್ನ ಲೆಕ್ಕ. ಕೆಲವರು ಸಿಡುಕುತ್ತಾರೆ, “ಬೇಕಾದ್ರೆ ತಗೊಳ್ಳಿ, ತನಿಖೆ ಮಾಡ್ಬೇಡಿ.” ಇನ್ನು ಕೆಲವರು ಅಂತರಜಾಲದಿಂದ ಎತ್ತಿದ ಫೋಟೋ ಕಳಿಸುತ್ತಾರೆ. ಅದಕ್ಕೆ ಈಗ ಕ್ಯಾಸೆಟ್ಟಿನ ಪಕ್ಕ ಒಂದು ಚೀಟಿಯಲ್ಲಿ ಇವತ್ತಿನ ತಾರೀಖು ಬರೆದಿಟ್ಟು ಫೋಟೋ ತೆಗೆಯಿರಿ ಎನ್ನುತ್ತೇನೆ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಅರ್ಜೆಂಟಾಗಿ ಮಾರುತ್ತಿದ್ದೇನೆ ಎನ್ನುವವರು, ಇಲ್ಲವೇ ನೀವು ಮಾರುವಾಗ ದುಡ್ಡು ನಾನೇ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರು ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ.

ಯಂತ್ರಗಳ ವಿಷಯದಲ್ಲೂ ಇದೇ ಕಥೆ. ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಎರಡು ಬಗೆ. 2003ರ 001 ಮಾದರಿಯಲ್ಲಿ ಪರದೆಯ ಮುಂದಿನಿಂದ ಬೆಳಕು ಬೀಳುತ್ತದೆ, ಮಂಕು. ಆಮೇಲೆ ಬಂದ 101ರಲ್ಲಿ ಬೆಳಕು ಹಿಂದಿನಿಂದ ಬರುತ್ತದೆ, ಬೆಲೆಯೂ ದುಪ್ಪಟ್ಟು. ಬೆನ್ನಿನ ಸ್ಟಿಕ್ಕರ್ ನೋಡಿ 101 ಎಂದು ನಂಬಿ ಕೊಂಡೆ, ಬಂದದ್ದು 001. ಸ್ಟಿಕ್ಕರ್ ಮಾತ್ರ ಹೊಸದು, ಮೂಲೆ ಇನ್ನೂ ಚೂಪಾಗಿತ್ತು. ಈಗ ಸ್ಟಿಕ್ಕರ್ ನೋಡುವುದೇ ಇಲ್ಲ. ಪರದೆಯ ಕೆಳಗೆ ಬೆಳಕಿನ ಗುಂಡಿ ಇದೆಯಲ್ಲ, ಅದನ್ನು ಒತ್ತುವ ವಿಡಿಯೋ ಕಳಿಸಿ ಎನ್ನುತ್ತೇನೆ. ಬೆಳಕು ಪೂರ್ತಿ ಆರಿದರೆ 001. ಹೆಚ್ಚು–ಕಡಿಮೆ ಆಗುತ್ತದೆ, ಆರುವುದಿಲ್ಲ ಎಂದರೆ 101.

ಬೆಲೆಯ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಸಂಕಟವಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತವರೆಲ್ಲ ಬಾಲ್ಯ ಹುಡುಕಿಕೊಂಡು ಹೊರಟರು, ಬೆಲೆ ಏರಿತು. 2021ರ ಜುಲೈನಲ್ಲಿ ಸೂಪರ್ ಮಾರಿಯೋ 64ರ ಸೀಲ್ ಒಡೆಯದ ಒಂದು ಪ್ರತಿ ಅಮೆರಿಕದ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ಆ ಸುದ್ದಿಯ ಸ್ಕ್ರೀನ್‌ಶಾಟನ್ನು ನನಗೆ ಕಳಿಸಿ, ಲೇಬಲ್ ಹರಿದ ಮಾರಿಯೋ ಕ್ಯಾಸೆಟ್ಟಿಗೆ 25,000 ಕೇಳಿದವರಿದ್ದಾರೆ.

ಇಲ್ಲಿ ಸಿಗದ್ದನ್ನು ಜಪಾನಿನಿಂದ ತರಿಸಿದ್ದೇನೆ. ಗೇಮ್ ಬಾಯ್‌ಗೆ ದೇಶದ ಬೀಗವಿಲ್ಲ, ಜಪಾನಿನ ಕ್ಯಾಸೆಟ್ ನಮ್ಮ ಕೈಯಲ್ಲಿರುವ ಅದೇ ಬಗೆಯ ಗೇಮ್ ಬಾಯ್‌ನಲ್ಲೂ ನಡೆಯುತ್ತದೆ. ಭಾಷೆ ಬೇಡದ ಟೆಟ್ರಿಸ್, ಮಾರಿಯೋದಂಥವಕ್ಕೆ ಅದೇ ಒಳ್ಳೆಯ ದಾರಿ. ಅಲ್ಲಿನ ನಾನು ಕಂಡ ಮಾರಾಟಗಾರರು ಗೀರು ಎಲ್ಲಿದೆ, ಹಿಂದೆ ಯಾರೋ ಮಗು ಪೆನ್ನಿನಲ್ಲಿ ಹೆಸರು ಬರೆದಿದೆ ಎಂಬುದನ್ನೂ ಬರೆಯುತ್ತಾರೆ. ‘ಜಂಕ್’ ಎಂದು ಹಾಕಿದ್ದರೆ ಯಾವ ಭರವಸೆಯೂ ಇಲ್ಲ ಎಂದು ತಿಳಿದೇ ಕೊಳ್ಳಬೇಕು. ಕಷ್ಟವಿರುವುದು ಸಾಗಣೆಯಲ್ಲಿ. ಒಂದು ಕ್ಯಾಸೆಟ್ಟಿಗೆ 500 ರೂಪಾಯಿ, ಅಂಚೆಗೆ 1,600, ಮೇಲೆ ಕಸ್ಟಮ್ಸ್ ಸುಂಕ. ಹಾಗಾಗಿ ಆರು ತಿಂಗಳಿಗೊಮ್ಮೆ, ನಾಲ್ಕು ಜನ ಗೆಳೆಯರು ಸೇರಿ ಒಂದೇ ಪೆಟ್ಟಿಗೆಯಲ್ಲಿ ತರಿಸುತ್ತೇವೆ. ಅಮೆರಿಕದಿಂದ ಎನ್‌ಇಎಸ್ (ಫ್ಯಾಮಿಕಾಮ್‌ನ ಅಮೆರಿಕದ ರೂಪ) ಕ್ಯಾಸೆಟ್ ತರಿಸಿದ್ದು ಮಾತ್ರ ತಪ್ಪಾಯಿತು. ಬಾಲ್ಯದ ಆ ಟಿವಿ ಗೇಮ್ ಇನ್ನೂ ಅಮ್ಮನ ಮನೆಯ ಅಟ್ಟದಲ್ಲಿದೆ, ಅದಕ್ಕೆ ಹಾಕಿ ಆಡುವ ಆಸೆ. ಆ ಯಂತ್ರ ಫ್ಯಾಮಿಕಾಮ್ ಜಾತಿಯದು, 60 ಪಿನ್ನಿನದು. ಅಮೆರಿಕದ್ದು 72. ಬಾಯಿಗೆ ತೂರಲೇ ಇಲ್ಲ, ಕನ್ವರ್ಟರಿಗೆ ಮತ್ತೆ ದುಡ್ಡು.

ಪ್ಲೇಸ್ಟೇಷನ್ 2ರ ಡಿಸ್ಕಿನಲ್ಲಿ ಮೋಸ ಬೇರೆ ರೀತಿ. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಬಂದ ‘ಹನುಮಾನ್: ಬಾಯ್ ವಾರಿಯರ್’ ಹುಡುಕುತ್ತಿದ್ದೆ. ಒಳ್ಳೆಯ ಆಟವೆಂದಲ್ಲ, ನಮ್ಮ ದೇಶದಲ್ಲೇ ಆದದ್ದೆಂಬ ಪ್ರೀತಿಗೆ. ಪೆಟ್ಟಿಗೆ ಅಸಲಿ, ಪುಸ್ತಿಕೆ ಅಸಲಿ, ತೆರೆದರೆ ಡಿಸ್ಕಿನ ತಳ ನೇರಳೆ, ಮನೆಯಲ್ಲಿ ಬರೆದದ್ದು. ಅಸಲಿ ಡಿವಿಡಿಯ ತಳ ಬೆಳ್ಳಿ ಬಣ್ಣ. ಸಿಡಿಯಲ್ಲಿ ಬಂದ ಆಟಗಳದ್ದು ನೀಲಿ, ಅದನ್ನು ನೋಡಿ ನಕಲಿ ಎಂದು ಬೆಚ್ಚಬೇಡಿ.

ಇಷ್ಟೆಲ್ಲ ಆದ ಮೇಲೂ ಬಿಡದೆ ಕೊಳ್ಳುತ್ತಿರುವುದು ಯಾಕೆಂದರೆ ಹಾಸನದ ಆ ಅಮ್ಮನಂಥವರೂ ಸಿಗುತ್ತಾರೆ. ‘ಮಗನ ಹಳೆ ಗೇಮ್, 1,500’ ಎಂದು ಒಂದು ಜಾಹೀರಾತು. ಮಸುಕು ಫೋಟೋ, ಬಂಗಾರದ ಬಣ್ಣದ ಕ್ಯಾಸೆಟ್, ಪೋಕೆಮಾನ್ ಗೋಲ್ಡ್. ಬೋರ್ಡಿನ ಫೋಟೋ ಕೇಳಿದೆ. “ಅದೆಲ್ಲ ನನಗೆ ಗೊತ್ತಾಗಲ್ಲಪ್ಪ, ನೀನೇ ಬಂದು ನೋಡ್ಕೊಂಡು ಹೋಗು. ಬೇಡ ಅನ್ಸಿದ್ರೆ ಕಾಫಿ ಕುಡಿದು ಹೋಗು” ಎಂದರು. ಭಾನುವಾರ ಬಸ್ ಹತ್ತಿದೆ.

ಅವರ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಅಸಲಿ. ಬೋರ್ಡಿನ ಮೇಲೆ ಸಿಆರ್2025 ಬ್ಯಾಟರಿ, ಎಂದೋ ಸತ್ತಿರಬೇಕಿತ್ತು. ಗೋಲ್ಡ್, ಸಿಲ್ವರ್ ಕ್ಯಾಸೆಟ್ಟುಗಳಲ್ಲಿ ಗಡಿಯಾರವೂ ಸೇವ್ ಕೂಡ ಒಂದೇ ಬ್ಯಾಟರಿ ತಿನ್ನುತ್ತವೆ, ಅದಕ್ಕೇ ಬೇಗ ಮುಗಿಯುವುದು. ಮೀಟರ್ ಇಟ್ಟೆ. 2.6 ವೋಲ್ಟ್. ಹೊಸದಾದರೆ 3 ಇರುತ್ತದೆ. ಉಸಿರಾಡುತ್ತಿತ್ತು. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಕಿವಿ ಕಡ್ಡಿಯಲ್ಲಿ ಒರೆಸಿದೆ, ಕಡ್ಡಿ ಬೂದು ಬಣ್ಣಕ್ಕೆ ತಿರುಗಿತು. (ಬಾಯಲ್ಲಿ ಊದುವ ನಮ್ಮ ಹಳೆಯ ಅಭ್ಯಾಸ ಬಿಡಿ, ಉಸಿರಿನ ತೇವ ಪಿನ್ನನ್ನು ತಿನ್ನುತ್ತದೆ.) ಆನ್ ಮಾಡಿದೆ. ‘ಕಂಟಿನ್ಯೂ’ ಇತ್ತು. ಬ್ಯಾಡ್ಜ್ 16, ಆಟದಲ್ಲಿರುವಷ್ಟೂ. ಆಡಿದ ಸಮಯ 211 ಗಂಟೆ.

“ಅಮ್ಮ, ಇದರಲ್ಲಿ ನಿಮ್ಮ ಮಗ ಆಡಿದ್ದೆಲ್ಲ ಹಾಗೇ ಇದೆ” ಎಂದೆ. ಅವರು ಕನ್ನಡಕ ಹಾಕಿಕೊಂಡು ಬಂದು ಪರದೆ ನೋಡಿದರು. “ಎಸ್ಸೆಸ್ಸೆಲ್ಸಿ ವರ್ಷ. ಇದಕ್ಕೇ ಅವರಪ್ಪನ ಹತ್ರ ಏಟು ತಿಂದಿದ್ದ.”

ಬ್ಯಾಟರಿ ಬದಲಿಸಲು ಹಳೆಯದನ್ನು ಬೆಸುಗೆ ಬಿಡಿಸಿ ತೆಗೆದರೆ ಆ ಕ್ಷಣವೇ ಸೇವ್ ಅಳಿಸಿಹೋಗುತ್ತದೆ. ಮನೆಗೆ ತಂದು ಮೊದಲು ಕ್ಯಾಸೆಟ್ ರೀಡರಿನಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿದೆ, ಎರಡು ಸಲ ಇಳಿಸಿ ಎರಡೂ ಒಂದೇ ಎಂದು ಹೋಲಿಸಿ ನೋಡಿದೆ. 32 ಕಿಲೋಬೈಟ್, ಅಷ್ಟೇ. ಆಮೇಲೆ ತಗಡಿನ ಕಾಲು ಹಚ್ಚಿಯೇ ಬರುವ ಹೊಸ ಬ್ಯಾಟರಿಯನ್ನು ಬೆಸೆದು, ಸೇವನ್ನು ವಾಪಸ್ ತುಂಬಿದೆ. ಗಡಿಯಾರವನ್ನು ಮಾತ್ರ ಮತ್ತೆ ಹೊಂದಿಸಬೇಕಾಯಿತು. ಆ ಅಮ್ಮನಿಂದ ನಂಬರ್ ಪಡೆದು, ಈಗ ಡಬ್ಲಿನ್‌ನಲ್ಲಿರುವ ಮಗನಿಗೆ ಫೈಲ್ ಕಳಿಸಿದೆ.

ಎರಡು ದಿನ ಸುದ್ದಿಯಿಲ್ಲ. ಮೂರನೆಯ ರಾತ್ರಿ ಮೆಸೇಜ್ ಬಂತು. “ಬಾಕ್ಸ್ ಮೂರರಲ್ಲಿ ಪುಟ್ಟಿ ಅಂತ ಒಂದು ಇದೆಯಾ ನೋಡ್ತೀರಾ?” ನೋಡಿದೆ. ಬಾಕ್ಸ್ ಎಂದರೆ ಆಟದೊಳಗೆ ಪೋಕೆಮಾನ್‌ಗಳನ್ನು ಕೂಡಿಡುವ ಜಾಗ. ಅಲ್ಲಿತ್ತು, ಮೊಟ್ಟೆಯಿಂದ ಬಂದ ಟೋಗೆಪಿ ಎಂಬ ಪೋಕೆಮಾನ್, ಲೆವೆಲ್ 5. ಒಂದು ಹೊಡೆದಾಟಕ್ಕೂ ಇಳಿಸಿರಲಿಲ್ಲ. ಪುಟ್ಟಿ ಅವರ ತಂಗಿಯ ಹೆಸರಂತೆ. ಫೋಟೋ ತೆಗೆದು ಕಳಿಸಿದೆ, ಕ್ಯಾಸೆಟ್ ವಾಪಸ್ ಬೇಕಾ ಎಂದೂ ಕೇಳಿದೆ.

“ಬೇಡ ಸಾರ್, ನೀವೇ ಆಡಿ. ಅದನ್ನ ಮಾತ್ರ ರಿಲೀಸ್ ಮಾಡ್ಬೇಡಿ.”

ಮಾಡಿಲ್ಲ. ಬಾಕ್ಸ್ ಮೂರರಲ್ಲೇ ಇದೆ.